ಸಮುದ್ರವನ್ನು ಬಡಿದು ನೋಡಲು ನಾರ್ವೆಗೆ ಹೋದದ್ದು

ಹೊರಡುವ ಮೊದಲು

ನಾರ್ವೆಗೆ ಹೋಗಿ ಬಂದೆ ಎಂದರೆ ಮುಂಬಯಿಯ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಕೇಳುವುದು ಒಂದೇ. ಹಿಮ ಹೇಗಿತ್ತು? ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತದಂತಲ್ಲ, ನೋಡಿದಿರಾ? ಹಿಮವನ್ನು ನಾನು ದೂರದ ಬೆಟ್ಟದ ತಲೆಯ ಮೇಲೆ ಒಂದು ಬಿಳಿ ಟೊಪ್ಪಿಗೆಯಷ್ಟು ಮಾತ್ರ ನೋಡಿದೆ. ಹಸಿರು ಬೆಳಕು ಬೇಸಿಗೆಯಲ್ಲಿ ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಬೇಸಿಗೆಯಲ್ಲಿ ಕತ್ತಲೆಯೇ ಆಗುವುದಿಲ್ಲ. ನಾನು ಹೋದದ್ದು ಒಂದು ದೋಣಿ ಹುಡುಕಲು. ಅದೂ ಮುಳುಗಿದ ದೋಣಿ. ಅದೂ ನಮ್ಮದಲ್ಲದ್ದು.

ವಿಕ್ರೋಳಿಯ ಒಂದು ಕಂಪನಿಯಲ್ಲಿ ನನಗೆ ಗಣಿತದ ಕೆಲಸ. ಸಮುದ್ರದೊಳಗೆ ಸದ್ದು ಬಿಡುವುದು, ತಿರುಗಿ ಬಂದ ಸದ್ದನ್ನು ಹಿಡಿಯುವುದು, ಅದರಿಂದ ತಳದಲ್ಲಿ ಏನಿದೆ ಎಂದು ಲೆಕ್ಕ ಹಾಕಿ ಚಿತ್ರ ಬಿಡಿಸುವುದು. ಅವ್ವನಿಗೆ ಇದನ್ನು ತಿಳಿಸಿ ಹೇಳಲು ನನಗೆ ಹತ್ತು ವರ್ಷ ಬೇಕಾಯಿತು. ಕಡೆಗೆ ಅವಳೇ ಒಂದು ದಿನ ಹೇಳಿದಳು: "ಗಡಿಗಿ ತಗೊಳ್ಳೂ ಮುಂದ ಬಡದು ನೋಡ್ತೀವಲ್ಲ, ಸೀಳಿದ್ರ ಬ್ಯಾರೆ ಸಪ್ಪಳ ಬರ್ತೇತಿ. ನೀ ಸಮುದ್ರಾನ ಬಡದು ನೋಡ್ತಿ, ಹೌದಿಲ್ಲೋ?" ಹೌದು. ನನ್ನ ಪ್ರಬಂಧಗಳ ಮೊದಲ ಪುಟದಲ್ಲಿ ಇಷ್ಟು ಚೆನ್ನಾಗಿ ನಾನೂ ಬರೆದಿಲ್ಲ.

ಆದರೆ ಸಮುದ್ರ ಗಡಿಗೆಯಷ್ಟು ಸಜ್ಜನ ಅಲ್ಲ. ನೀರಿನಲ್ಲಿ ಸದ್ದು ನೆಟ್ಟಗೆ ಹೋಗುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಬೇಗ ಓಡುತ್ತದೆ, ತಣ್ಣಗಿನ ನೀರಿನಲ್ಲಿ ನಿಧಾನ, ಪದರ ಬದಲಾದಲ್ಲಿ ಬಾಗುತ್ತದೆ. ವಿಜಯಪುರದ ಬಿಸಿಲಲ್ಲಿ ಡಾಂಬರು ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುತ್ತದಲ್ಲ, ಅಲ್ಲಿ ಬೆಳಕು ಬಾಗಿ ಕಣ್ಣಿಗೆ ಮೋಸವಾಗುತ್ತದೆ. ಇಲ್ಲಿ ಸದ್ದು ಬಾಗಿ ಲೆಕ್ಕಕ್ಕೆ ಮೋಸವಾಗುತ್ತದೆ. ಯಾವ ಆಳದಲ್ಲಿ, ಯಾವ ಹೊತ್ತಿನಲ್ಲಿ, ನೀರು ಎಷ್ಟು ಬೆಚ್ಚಗಿತ್ತು ಎಂಬುದು ಗೊತ್ತಿದ್ದರೆ ಮಾತ್ರ ಆ ಬಾಗುವಿಕೆಯನ್ನು ಬಿಡಿಸಿ ನಿಜವಾದ ಚಿತ್ರ ತೆಗೆಯಬಹುದು. ನನ್ನ ಗಣಿತವೆಲ್ಲ ಈ ಬಿಡಿಸುವುದರಲ್ಲಿದೆ.

ಈ ಗಣಿತಕ್ಕೆ ಒಬ್ಬ ಮನುಷ್ಯ ಕಾದು ಕೂತಿದ್ದ. ಹೆಸರು ಹರಿಭಾವು, ಮುಂಬಯಿಯ ಉತ್ತರ ತುದಿಯ ಒಂದು ಕೋಳಿವಾಡೆಯ, ಎಂದರೆ ಬೆಸ್ತರ ಕೇರಿಯ, ನಾಖವಾ, ಅಂದರೆ ಸ್ವಂತ ದೋಣಿಯ ಯಜಮಾನ. ಎರಡು ಮಳೆಗಾಲದ ಹಿಂದೆ ಅವನ ದೋಣಿ ಗಾಳಿಗೆ ಸಿಕ್ಕು ಖಾಡಿಯ, ಸಮುದ್ರ ಊರೊಳಗೆ ಚಾಚಿದ ಹಿನ್ನೀರಿನ, ಬಾಯಲ್ಲಿ ಮುಳುಗಿತು. ದೋಣಿಯಲ್ಲಿದ್ದವರೆಲ್ಲ ಈಜಿ ದಡ ಸೇರಿದರು. ದೋಣಿ ಮಾತ್ರ ತಳದಲ್ಲಿ ಎಲ್ಲೋ ಕೂತುಬಿಟ್ಟಿತು, ಒಳ್ಳೆಯ ಮೀನಿರುವ ಆ ನೀರಿನಲ್ಲಿ ಊರವರ ಬಲೆಗಳನ್ನು ಹರಿಯತೊಡಗಿತು. ಸೆಳೆತಕ್ಕೆ ತೇಲಿಹೋಗುವ ಬಲೆ ಎಲ್ಲಿ ಸಿಕ್ಕಿ ಹರಿಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮುಳುಗುಗಾರರು ಇಳಿದು ನೋಡಿದರು. ನಮ್ಮ ಕೆಸರು ನೀರಿನಲ್ಲಿ ಅವರಿಗೆ ಅವರ ಕೈಯೇ ಕಾಣಲಿಲ್ಲ. ಹರಿಭಾವುವಿನ ಎದುರುಮನೆಯ ದಾಮೂ, ಅವನ ಬಾಲ್ಯದ ಗೆಳೆಯ, ತನ್ನ ಎರಡನೆಯ ಬಲೆ ಹರಿದ ದಿನ ಅವನೊಡನೆ ಮಾತು ಬಿಟ್ಟ.

ನಾವು ಪರೀಕ್ಷೆಗೆಂದು ಅಲ್ಲಿ ದೋಣಿ ಬಾಡಿಗೆಗೆ ಹಿಡಿದಾಗ ಹರಿಭಾವು ನನ್ನನ್ನು ಪಕ್ಕಕ್ಕೆ ಕರೆದ.

"ತಾಈ, ಜಾಳೀ ಲೋಕಾಂಚೀ ಫಾಟತೇ, ನಾವ್ ಮಾಝಂ ಘೇತಾತ್." ಅಕ್ಕಾ, ಬಲೆ ಹರಿಯೋದು ಊರವರದು, ಬಾಯಿಗೆ ಬರೋದು ನನ್ನ ಹೆಸರು. "ದೋಣಿ ಮೇಲೆತ್ತಬೇಡಿ. ಎಲ್ಲಿದೆ ಅಂತ ಹೇಳಿ ಸಾಕು."

ಅದಕ್ಕೆ ನೀರಿನಲ್ಲಿ ಸಾಲಾಗಿ ಇಳಿಬಿಡುವ ಕಿವಿಗಳು ಬೇಕು, ಉದ್ದನೆಯ ಕೇಬಲ್ಲಿಗೆ ಪೋಣಿಸಿದ ಮೈಕುಗಳು. ನಮ್ಮಲ್ಲಿ ಇರಲಿಲ್ಲ. ನಾರ್ವೆಯ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರಿನಲ್ಲಿ ಇಂಗ್ರಿಡ್ ಎಂಬ ಪ್ರಾಧ್ಯಾಪಕಿಯ ಬಳಿ ಇದ್ದವು. ಕೇಳಿ ಬರೆದೆ. ಅವಳ ಉತ್ತರ ಮೂರೇ ಸಾಲು: ಬಾ. ನಮ್ಮ ನೀರಿನಲ್ಲಿ ನಿನ್ನ ಗಣಿತ ನಡೆಯುತ್ತದೋ ನೋಡೋಣ. ನಡೆದರೆ ಒಂದು ಚಳಿಗಾಲಕ್ಕೆ ಕಿವಿಗಳು ನಿನ್ನವು.

ನಲವತ್ತೆಂಟು ವರ್ಷದ ನಾನು, ಸಮುದ್ರದ ಮೇಲೆ ಹೊಟ್ಟೆ ತೊಳಸುವ ನಾನು, ಸ್ವೆಟರು ಕೊಳ್ಳಲು ಹೊರಟೆ.

ಮೊದಲ ದಿನ: ತಣ್ಣಗಾದ ಕಾಫಿ

ಊರಿನ ಹೆಸರನ್ನು ಅಲ್ಲಿನವರು ಉಚ್ಚರಿಸಿದಂತೆ ಕನ್ನಡದಲ್ಲಿ ಬರೆಯಲು ನನ್ನಿಂದಾಗದು, ಬಿಡಿ. ಎರಡು ಕಡೆ ನೆಟ್ಟಗೆ ಎದ್ದ ಬೆಟ್ಟ, ನಡುವೆ ಸಮುದ್ರ ಒಳಗೆ ಚಾಚಿದ ಉದ್ದನೆಯ ನೀರು. ದಡದಲ್ಲಿ ಕೆಂಪು ಬಿಳಿ ಮರದ ಮನೆಗಳು. ಜನ ಎಲ್ಲಿ ಎಂದು ನಾನು ಅರ್ಧ ದಿನ ಹುಡುಕಿದೆ.

ಬಸ್ಸಿನಲ್ಲಿ ಮೊದಲ ಪಾಠ ಕಲಿತೆ. ಇಬ್ಬರು ಕೂರುವ ಸೀಟಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಕಿಟಕಿಯತ್ತ ಸರಿದಳು, ಇನ್ನೂ ಸರಿದಳು, ಗಾಜಿಗೇ ಅಂಟಿಕೊಂಡಳು. ತಿರುಗಿ ನೋಡಿದರೆ ಇಡೀ ಬಸ್ಸು ಖಾಲಿ. ಲೋಕಲ್ ರೈಲಿನ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ಕುಂಡೆ ಊರಿ ಘಾಟ್ಕೋಪರಿನಿಂದ ಸಿಎಸ್‌ಟಿಗೆ ಹೋಗುವ ನಮಗೆ, ಖಾಲಿ ಬಸ್ಸಿನಲ್ಲಿ ಎಲ್ಲಿ ಕೂರಬೇಕೆಂದು ಯಾರು ಕಲಿಸಿದ್ದಾರೆ?

ಇಂಗ್ರಿಡ್ ಅರವತ್ತರ ಆಸುಪಾಸಿನ ಎತ್ತರದ ಹೆಂಗಸು. ಮಾತು ಕಡಿಮೆ, ಇದ್ದದ್ದು ನೇರ. ಬ್ಯಾಗ್ ಇಳಿಸುವ ಮೊದಲೇ ನಿಯಮ ಹೇಳಿದಳು. ಈ ನೀರಿನ ತಳದಲ್ಲಿ ಹಳೆಯ ಸರಕಿನ ದೋಣಿಯೊಂದು ಮುಳುಗಿ ಕೂತಿದೆ. ಎಲ್ಲಿ ಎಂಬುದನ್ನು ಅವಳು ಒಂದು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಟ್ಟು ಅಂಟಿಸಿದ್ದಳು. ನಾನು ಸದ್ದು ಕೇಳಿ ಲೆಕ್ಕ ಹಾಕಿ ಮೂರನೆಯ ದಿನ ಸಂಜೆಯೊಳಗೆ ನಕಾಶೆಯ ಮೇಲೆ ಒಂದು ಗುರುತು ಹಾಕಿ ಕೊಡಬೇಕು.

"ಒಂದೇ ಗುರುತು," ಎಂದಳು. "ನಾಲ್ಕು ಗುರುತು ಹಾಕಿದರೆ ಒಂದು ಸರಿ ಹೋಗೇ ಹೋಗುತ್ತೆ."

ನಮ್ಮ ಮೂರನೆಯವನು ಓಲಾವ್. ಮೀನು ಹಿಡಿಯುವುದನ್ನು ಬಿಟ್ಟು ಈಗ ವಿಶ್ವವಿದ್ಯಾಲಯದವರಿಗೆ ದೋಣಿ ನಡೆಸುವ ಮುದುಕ. ಯೌವನದಲ್ಲಿ ಸರಕಿನ ಹಡಗುಗಳಲ್ಲಿ ತಿರುಗಿ ಕಲಿತ ಇಂಗ್ಲಿಷ್ ಅವನದು. ದಡದಲ್ಲಿ ಕೈ ಕುಲುಕಿ, "ಹಾಫ್ ಫೋರ್, ಕಾಫಿ, ನಮ್ಮ ಮನೆ," ಎಂದ.

ನಾಲ್ಕೂವರೆಗೆ ಐದು ನಿಮಿಷ ಇರುವಾಗಲೇ ಅವನ ಬಾಗಿಲಲ್ಲಿದ್ದೆ. ಮುಂಬಯಿಯವರು ಹೊತ್ತಿಗೆ ಸರಿಯಾಗಿ ಬರುತ್ತಾರೆಂದು ತೋರಿಸುವ ಹುಮ್ಮಸ್ಸು. ಚಪ್ಪಲಿ ಹೊರಗೆ ಬಿಡಬೇಕೆಂದು ಕಂಡು, ಅಬ್ಬಾ, ಇಷ್ಟಾದರೂ ನಮ್ಮ ಮನೆಯ ಹಾಗೆ ಎಂದುಕೊಂಡೆ. ಒಳಗೆ ಇಂಗ್ರಿಡ್ ಬಂದು ಹೋದ ಗುರುತಾಗಿ ಖಾಲಿ ಕಪ್ಪು. ಕೇಕಿನ ತಟ್ಟೆಯಲ್ಲಿ ಪುಡಿ. ಕಾಫಿ ತಣ್ಣಗಾಗಿತ್ತು. ಓಲಾವ್ ಗಡಿಯಾರ ನೋಡಿದ, ನನ್ನನ್ನು ನೋಡಿದ. ಬಿಸಿ ಮಾಡಿ ಕೊಟ್ಟ.

ಈ ದೇಶದವರು ಅತಿಥಿಗಾಗಿ ಐದು ನಿಮಿಷವೂ ಕಾಯುವುದಿಲ್ಲ ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ. ಪ್ರವಾಸಿಗರ ಡೈರಿಗಳಲ್ಲಿ ಇಂಥ ಜ್ಞಾನ ಬಹಳ ಇರುತ್ತದೆ.

ಎರಡನೆಯ ದಿನ: ನೀರಿನ ಮೇಲೆ

ಎರಡು ದೋಣಿ. ಒಂದರಲ್ಲಿ ನಾನು, ಇಂಗ್ರಿಡ್, ನೀರಿಗೆ ಇಳಿಬಿಟ್ಟ ಕಿವಿಗಳು. ಇನ್ನೊಂದರಲ್ಲಿ ಓಲಾವ್ ಒಬ್ಬನೇ. ಅವನು ದೂರ ದೂರ ಸುತ್ತುತ್ತ ನೀರಿನೊಳಗೆ ಸದ್ದು ಬಿಡಬೇಕು, ನಾವು ಅದರ ಮರುದನಿ ಹಿಡಿಯಬೇಕು. ಜೊತೆಗೆ ಅವನು ದಿನದಲ್ಲಿ ಮೂರು ಸಲ ನೀರಿನ ತಾಪ ಅಳೆಯಬೇಕು, ಮೇಲಿನಿಂದ ತಳದವರೆಗೆ.

ತಾಪ ಅಳೆಯುವ ಎಲೆಕ್ಟ್ರಾನಿಕ್ ಸಾಧನವನ್ನು ಹೊತ್ತು ತಂದವಳು ನಾನು. ಅದರ ಮುಚ್ಚಳವನ್ನು ಬಿಗಿ ಮಾಡದೆ ಅವನ ಕೈಗೆ ಕೊಟ್ಟವಳೂ ನಾನೇ. ಬೆಳಿಗ್ಗೆ ಪರೀಕ್ಷೆಗೆಂದು ಇಳಿಸಿದ ಕೂಡಲೇ ಅದರೊಳಗೆ ನೀರು ಹೋಗಿ ಸತ್ತುಹೋಯಿತು. ನನಗೆ ಅಳು ಬರುವುದೊಂದು ಬಾಕಿ.

ಓಲಾವ್ ತನ್ನ ದೋಣಿಯ ಪೆಟ್ಟಿಗೆಯಿಂದ ಹಿತ್ತಾಳೆಯ ಹಳೆಯ ಥರ್ಮಾಮೀಟರ್ ತೆಗೆದ. ಗಂಟು ಹಾಕಿದ ಹಗ್ಗ ತೆಗೆದ. ಒಂದೊಂದು ಗಂಟಿಗೂ ಒಂದೊಂದು 'ಫಾವ್ನ್' ಎಂದು ಎರಡು ಕೈ ಅಗಲಿಸಿ ತೋರಿಸಿದ. ಮಾರು! ಹರಿಭಾವು ಇದನ್ನೇ 'ವಾವ್' ಎಂದು ಕೈ ಅಗಲಿಸಿ ತೋರಿಸುತ್ತಾನೆ. ನಾನೂ ಕೈ ಅಗಲಿಸಿ "ಮಾರು" ಎಂದೆ. ಅವರ ಭಾಷೆಯಲ್ಲಿ ಫಾವ್ನ್ ಅಂದರೆ ಅಪ್ಪುಗೆ ಎಂದೂ ಅರ್ಥವಂತೆ. ಇಬ್ಬರು ವಯಸ್ಸಾದವರು ಎರಡು ದೋಣಿಗಳಲ್ಲಿ ಎದುರು ಬದುರು ಕೈ ಅಗಲಿಸಿ ನಿಂತದ್ದನ್ನು ಕಂಡು ಇಂಗ್ರಿಡ್ ಮೊದಲ ಸಲ ನಕ್ಕಳು.

ಆ ನೀರಿನ ಮೌನವನ್ನು ಹೇಗೆ ಹೇಳಲಿ? ಹೆಡ್‌ಫೋನ್ ಹಾಕಿಕೊಂಡರೆ ಓಲಾವ್ ಬಿಟ್ಟ ಸದ್ದು, ಅದರ ಮರುದನಿ, ಮತ್ತೆ ಏನೂ ಇಲ್ಲ. ನಮ್ಮ ಸಮುದ್ರ ಹೀಗೆ ಒಂದು ನಿಮಿಷ ಬಾಯಿ ಮುಚ್ಚಿದ್ದರೆ ನಾನು ಇಪ್ಪತ್ತು ವರ್ಷ ಮೊದಲೇ ದೊಡ್ಡ ವಿಜ್ಞಾನಿಯಾಗಿರುತ್ತಿದ್ದೆ ಎಂದು ಹೊಟ್ಟೆಕಿಚ್ಚಾಯಿತು.

ಆರು ಗಂಟೆಗೆ ದಡಕ್ಕೆ ಬಂದೆವು. ಓಲಾವ್ ತನ್ನ ಅಡುಗೆಮನೆಯ ಮೇಜಿನ ಮುಂದೆ ಕನ್ನಡಕ ಏರಿಸಿಕೊಂಡು, ನೋಟ್‌ಬುಕ್ ತೆರೆದು, ತನ್ನ ಭಾಷೆಯಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ತಿರುಗಿಸಿ ಓದಿದ. "ಹಾಫ್ ಒನ್." ಐದು ಮಾರಿನಲ್ಲಿ ಇಷ್ಟು, ಹತ್ತು ಮಾರಿನಲ್ಲಿ ಇಷ್ಟು. "ಹಾಫ್ ಥ್ರೀ." ಮತ್ತೆ ಅಂಕಿಗಳು. "ಹಾಫ್ ಫೈವ್." ನಾನು ಒಂದೂವರೆ, ಮೂರೂವರೆ, ಐದೂವರೆ ಎಂದು ಕಂಪ್ಯೂಟರಿಗೆ ಹಾಕಿಕೊಂಡೆ. ನನ್ನ ಜೀವನದಲ್ಲಿ ಇಷ್ಟು ಎಚ್ಚರದಿಂದ ಬರೆದುಕೊಂಡದ್ದು ಬೇರೆ ಇಲ್ಲ.

ಮೂರನೆಯ ದಿನ: ಎರಡು ಮಸಿ

ಬೆಳಗಿನಿಂದ ಲೆಕ್ಕ. ಮಧ್ಯಾಹ್ನ ಓಲಾವ್ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚೀಸ್ ಹೆರೆದು ಕೊಟ್ಟ. ಬಾಯಿಗೆ ಇಟ್ಟರೆ ಧಾರವಾಡದ ಪೇಢೆಗೆ ಸಕ್ಕರೆ ಹಾಕಲು ಮರೆತ ಹಾಗಿತ್ತು. ಮೂರು ಹೋಳು ತಿಂದೆ. ಊರ ನೆನಪಿಗೆ ನಾಲಿಗೆ ಬಹಳ ಬೇಗ ಮೋಸ ಹೋಗುತ್ತದೆ.

ಚಿತ್ರ ಬಂತು. ತಳದ ಕಲ್ಲು, ಇಳಿಜಾರು ಎಲ್ಲ ತೇಲಿಹೋದ ಹಾಗೆ, ಮಸುಕು. ದೋಣಿಯಂತೆ ಕಾಣುವುದೇನೂ ಇಲ್ಲ. ಒಂದಕ್ಕೊಂದು ದೂರದಲ್ಲಿ ಎರಡು ಮಸಿಯ ಕಲೆ, ಅಷ್ಟೆ. ನನ್ನ ಗಣಿತ ಸರಿಯಾಗಿದ್ದರೆ ಎರಡು ಕಲೆ ಬರಬಾರದು. ದೋಣಿ ಒಂದೇ. ಸೂತ್ರಗಳನ್ನು ಮೊದಲಿನಿಂದ ಮತ್ತೆ ಹಾಕಿ ನೋಡಿದೆ. ಎಲ್ಲ ಸರಿಯಾಗಿತ್ತು, ಅದೇ ಭಯ ಹುಟ್ಟಿಸಿತು. ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು. ತಪ್ಪಿಲ್ಲದೆ ತಪ್ಪಾದರೆ ಹದಿನೈದು ವರ್ಷದ ಕೆಲಸವೇ ತಪ್ಪು.

ಸಂಜೆ ಎರಡರಲ್ಲಿ ಹೆಚ್ಚು ಕಪ್ಪಾಗಿದ್ದ ಕಲೆಯ ಮೇಲೆ ಗುರುತು ಹಾಕಿ ನಕಾಶೆಯನ್ನು ಇಂಗ್ರಿಡ್‌ಗೆ ಕೊಟ್ಟೆ. ಅವಳು ನನ್ನ ಮುಖ ನೋಡಿ, "ನಾಳೆ ಬೆಳಿಗ್ಗೆ ಲಕೋಟೆ ತೆರೆಯೋಣ," ಎಂದಳು. ನಾಣ್ಯ ಚಿಮ್ಮಿ ಉತ್ತರ ಬರೆದವಳ ಹಾಗೆ ನಾನು ಹೊರಗೆ ಬಂದೆ.

ದಡದ ಬೆಂಚಿನ ಮೇಲೆ ಕೂತೆ. ಒಂಬತ್ತಾದರೂ ಬಿಸಿಲು. ಕೆಸರಿಲ್ಲದ, ಸದ್ದಿಲ್ಲದ ಈ ನೀರಿನಲ್ಲೇ ನಡೆಯದ ಗಣಿತ ಮುಂಬಯಿಯ ಖಾಡಿಯಲ್ಲಿ ನಡೆದೀತೇ? ಹರಿಭಾವುಗೆ ಏನು ಹೇಳಲಿ? ಅವನು ಬೈಯುವುದಿಲ್ಲ. "ಠೀಕ್ ಆಹೇ ತಾಈ" ಎನ್ನುತ್ತಾನೆ. ಆಮೇಲೆ ಎಂದಿನಂತೆ ದಾಮೂವಿನ ಮನೆಯ ಮುಂದೆ ತಲೆ ತಗ್ಗಿಸಿ ಹಾದುಹೋಗುತ್ತಾನೆ. ನೆನೆದು ಅತ್ತುಬಿಟ್ಟೆ. ದೂರದ ಬೆಂಚಿನ ಹೆಂಗಸು ನೋಡಿಯೂ ನೋಡದ ಹಾಗೆ ಎದ್ದು ಹೋದಳು, ಅದು ಅಲ್ಲಿನ ಮರ್ಯಾದೆ. ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಅತ್ತಿದ್ದರೆ ನಾಲ್ಕು ಜನ ನೀರಿನ ಬಾಟಲಿ ಹಿಡಿದು, ಕೆಲಸ ಹೋಯ್ತಾ, ಗಂಡ ಬಿಟ್ಟನಾ ಎಂದು ಕೇಳುತ್ತಿದ್ದರು. ಆ ನಾಲ್ವರು ಬೇಕೆನಿಸಿತು.

ನಾಲ್ಕನೆಯ ದಿನ: ಓಲಾವ್ ಬೇಗ ಬಂದ

ಒಂಬತ್ತೂವರೆಗೆ ಓಲಾವ್ ಕಾರಿನಲ್ಲಿ ನನ್ನನ್ನು ಇಂಗ್ರಿಡ್‌ಳ ಆಫೀಸಿಗೆ ಕರೆದೊಯ್ಯುವುದಿತ್ತು. ಅಷ್ಟರಲ್ಲಿ ಅವ್ವನ ಜೊತೆ ಮಾತಾಡೋಣವೆಂದು ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡು. ಹಿಂದೆ ರೊಟ್ಟಿ ಬಡಿಯುವ ಸಪ್ಪಳ.

"ದನಿ ಯಾಕ ಹಿಂಗಾಗೇತಿ? ಥಂಡಿ ಹಿಡೀತೇನ?" ಎಂದಳು ಅವ್ವ.

"ಇಲ್ಲವ್ವಾ. ಲೆಕ್ಕ ತಪ್ಪೇತಿ. ಎಲ್ಲಿ ತಪ್ಪೇತಿ ಅನ್ನೂದ ಗೊತ್ತಾಗವಲ್ದು."

"ಸಣ್ಣಾಕಿ ಇದ್ದಾಗೂ ಹಿಂಗ ಅಳತಿದ್ದಿ. ಆಮ್ಯಾಲ ನೋಡಿದ್ರ ಲೆಕ್ಕ ಸರಿ ಇರತಿತ್ತು, ಪ್ರಶ್ನಿ ತಪ್ಪು ಬರಕೊಂಡಿರತಿದ್ದಿ."

ಅಷ್ಟರಲ್ಲಿ ಹೊರಗೆ ಹಾರ್ನ್. ಕಿಟಕಿಯಿಂದ ನೋಡಿದರೆ ಓಲಾವ್, ಕಾರಿನ ಪಕ್ಕ ನಿಂತಿದ್ದಾನೆ. ನಾನಿನ್ನೂ ತಲೆ ಸಹ ಬಾಚಿಲ್ಲ.

"ಯಾರವಾ ಅದು?"

"ನಮ್ಮ ದೋಣಿ ಅಜ್ಜ. ಒಂಬತ್ತೂವರಿಗೆ ಬರ್ತೀನಿ ಅಂದಾವ ಎಂಟೂವರಿಗೇ ಬಂದು ನಿಂತಾನ ನೋಡು. ಇವರಿಗೆ ಟೈಮಿನ ಹುಚ್ಚು."

"ತಾಸು ಮೊದಲ ಯಾರು ಬರ್ತಾರ? ಅವ ಏನಂತ ಹೇಳಿದ್ದ, ಸರಿಯಾಗಿ ಹೇಳು."

"ಹಾಫ್ ನೈನ್ ಅಂದಿದ್ದ."

ಆ ಕಡೆ ರೊಟ್ಟಿಯ ಸಪ್ಪಳ ನಿಂತಿತು. ಅವ್ವ ನಗತೊಡಗಿದಳು. "ಅಯ್ಯ, ಇದು ನನ್ನ ಪಾವಣೇ ಸಾತ್ ಆತು ತಗೋ!"

ಅವ್ವನ ಪಾವಣೇ ಸಾತ್ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಮದುವೆಯಾಗಿ ವಿಜಯಪುರದಿಂದ ಮುಂಬಯಿಯ ಆಂಟಾಪ್ ಹಿಲ್ಲಿಗೆ ಬಂದ ಮೊದಲ ವಾರ, ಪಕ್ಕದ ಮರಾಠಿ ಹೆಂಗಸು, ನಳದಲ್ಲಿ ನೀರು "ಪಾವಣೇ ಸಾತ್‌ಲಾ" ಬರುತ್ತದೆ ಎಂದಳು. ಸಾತ್ ಅಂದರೆ ಏಳು, ಪಾವಣೇ ಅಂದರೆ ಮುಕ್ಕಾಲು ಎಂದು ಇಷ್ಟು ಗೊತ್ತಿತ್ತು. ಏಳೂ ಮುಕ್ಕಾಲಿಗೆ ಕೊಡ ತಗೊಂಡು ಹೋದರೆ ನಳ ಒಣಗಿತ್ತು. ಮೂರು ದಿನ ಹೀಗೇ ಆಯಿತು, ಮೂರು ದಿನ ನೆರೆಮನೆಯ ನೀರು. ಮರಾಠಿಯಲ್ಲಿ ಪಾವಣೇ ಸಾತ್ ಅಂದರೆ ಏಳಕ್ಕೆ ಕಾಲು ಕಡಿಮೆ, ನಮ್ಮ ಆರೂ ಮುಕ್ಕಾಲು. ನಾವು ಕನ್ನಡದವರು ಕಳೆದುಹೋದ ಗಂಟೆಯ ಮೇಲೆ ಕೂಡಿಸಿ ಹೇಳುತ್ತೇವೆ, ಅವರು ಬರಲಿರುವ ಗಂಟೆಯಿಂದ ಕಳೆದು ಹೇಳುತ್ತಾರೆ.

ಫೋನ್ ಹಿಡಿದುಕೊಂಡೇ ಮೆಟ್ಟಿಲು ಇಳಿದೆ.

"ಓಲಾವ್, ಈಗ ಗಂಟೆ ಎಷ್ಟು?"

ಅವನು ಕೈಗಡಿಯಾರ ನೋಡಿದ. "ಹಾಫ್ ನೈನ್."

ನನ್ನ ಗಡಿಯಾರದಲ್ಲಿ ಎಂಟೂವರೆ. ಕಾರಿಗೆ ಒರಗಿ ನಿಂತೆ. ಅವರ ಲೆಕ್ಕದಲ್ಲಿ ಒಂಬತ್ತನೆಯ ಗಂಟೆಯ ಅರ್ಧ ಆಗಿದೆ ಅಂದರೆ ಎಂಟೂವರೆ. ಹಾಗಾದರೆ ಹಾಫ್ ಥ್ರೀ ಎರಡೂವರೆ! ಮೂರು ಸಲದ ತಾಪವನ್ನೂ ನಾನು ಒಂದೊಂದು ತಾಸು ತಡವಾಗಿ ಬರೆದುಕೊಂಡಿದ್ದೆ. ಆ ನೀರಿನಲ್ಲಿ ಮೇಲೆ ಬೆಟ್ಟದಿಂದ ಹಿಮ ಕರಗಿ ಬಂದ ಸಿಹಿನೀರು, ಕೆಳಗೆ ಸಮುದ್ರದ ಉಪ್ಪುನೀರು, ಎರಡರ ತಾಪವೂ ಬೇರೆ. ಭರತ ಇಳಿತಕ್ಕೆ ತಕ್ಕಂತೆ ಎರಡರ ನಡುವಿನ ಗಡಿ ತಾಸು ತಾಸಿಗೂ ಏರಿ ಇಳಿಯುತ್ತದೆ. ನಾನು ಒಂದು ಹೊತ್ತಿನ ಸದ್ದನ್ನು ಇನ್ನೊಂದು ಹೊತ್ತಿನ ನೀರಿನಲ್ಲಿ ಬಾಗಿಸಿದ್ದೆ. ಅವ್ವ ಹೇಳಿದ್ದೇ ನಿಜ, ಪ್ರಶ್ನೆಯನ್ನೇ ತಪ್ಪು ಬರೆದುಕೊಂಡಿದ್ದೆ.

ಓಲಾವ್‌ಗೆ ವಿವರಿಸಿದೆ.

"ಹಾಗಾದರೆ ಆ ದಿನದ ಕಾಫಿ?" ಎಂದ.

"ನಾನು ಹೊತ್ತಿಗೆ ಸರಿಯಾಗಿ ಬಂದೆ ಅಂದುಕೊಂಡಿದ್ದೆ."

"ನೀನು ಒಂದು ತಾಸು ತಡವಾಗಿ ಬಂದೆ. ಇಂಡಿಯಾದವರು ಹೀಗೇ ಇರಬೇಕು ಅಂದುಕೊಂಡೆ," ಎಂದ. ಅವನ ಡೈರಿಯಲ್ಲೂ ನನ್ನ ಡೈರಿಯ ಹಾಗೆಯೇ ಒಂದು ಜ್ಞಾನ ಸೇರಿಕೊಂಡಿತ್ತು.

ಕಾರಿನಲ್ಲಿ ಹೋಗುತ್ತ ನನಗೆ ಇನ್ನೊಂದು ಭಯ ಹತ್ತಿತು. ಉತ್ತರ ಕೊಟ್ಟಾಗಿದೆ. ಒಂದೇ ಗುರುತು ಎಂಬುದು ನಿಯಮ. ಈಗ ಹೋಗಿ ಇನ್ನೊಂದು ಗುರುತು ಹಾಕುತ್ತೇನೆ ಎಂದರೆ ಯಾವ ಮುಖದಿಂದ ಹೇಳಲಿ? ನಾಲ್ಕನೆಯ ಇಯತ್ತೆಯ ಹುಡುಗಿ ಕೂಡ ಪೇಪರ್ ಕೊಟ್ಟ ಮೇಲೆ ಹೀಗೆ ಕೇಳುವುದಿಲ್ಲ. ಆದರೆ ಸುಮ್ಮನಿದ್ದರೆ ಮಾನ ಉಳಿಯುವುದು ನನ್ನದು, ಹೋಗುವುದು ಹರಿಭಾವುವಿನದು.

ಇಂಗ್ರಿಡ್ ಲಕೋಟೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಇನ್ನೂ ಅಂಟಿಸಿದ ಹಾಗೇ ಇತ್ತು.

"ನಿನ್ನೆ ಕೊಟ್ಟ ಉತ್ತರ ತಪ್ಪು," ಎಂದೆ. "ಗಂಟೆಗಳನ್ನು ನಾನು ತಪ್ಪು ತಿಳಿದುಕೊಂಡೆ. ಎರಡು ತಾಸು ಕೊಟ್ಟರೆ ಮತ್ತೆ ಲೆಕ್ಕ ಮಾಡುತ್ತೇನೆ. ಆಗಲ್ಲ ಅಂದರೂ ಸರಿ."

"ತಪ್ಪು ಅವಳದಲ್ಲ," ಎಂದ ಓಲಾವ್. "ಇಂಗ್ಲಿಷಿನಲ್ಲಿ ಹಾಗೆ ಹೇಳಬಾರದಿತ್ತು. ತಪ್ಪು ನನ್ನದು."

"ಗಡಿಯಾರ ನೋಡಿ ಕೇಳದೆ ಬರೆದುಕೊಂಡವಳು ನಾನು. ತಪ್ಪು ನನ್ನದೇ."

"ನನ್ನದು."

"ಇಬ್ಬರೂ ಕೂತುಕೊಳ್ಳಿ," ಎಂದಳು ಇಂಗ್ರಿಡ್. ಕನ್ನಡಕ ತೆಗೆದು ಒರೆಸಿದಳು. "ನಿನ್ನೆಯ ಗುರುತನ್ನೂ ವರದಿಯಲ್ಲಿ ಬರೆಯುತ್ತೇನೆ, ಇವತ್ತಿನದನ್ನೂ. ಯಾಕೆ ಬದಲಾಯಿತು ಅಂತಲೂ ಬರೆಯುತ್ತೇನೆ. ಓದಿದವರೆಲ್ಲ ನಿನ್ನನ್ನು ನೋಡಿ ನಗಬಹುದು. ಒಪ್ಪಿಗೆಯಾ?"

"ಬರೆಯಿರಿ. ನನ್ನ ಹೆಸರು ಹಾಕಿಯೇ ಬರೆಯಿರಿ."

ಮೂರು ಅಂಕಿ ಬದಲಾಯಿಸಿದೆ, ಅಷ್ಟೆ. ಮತ್ತೇನನ್ನೂ ಮುಟ್ಟಲಿಲ್ಲ. ಎರಡು ತಾಸು ಕಂಪ್ಯೂಟರ್ ಗುಂಯ್ ಎನ್ನುತ್ತಿದ್ದಾಗ ಓಲಾವ್ ನನ್ನ ಹಿಂದೆ ಟೊಪ್ಪಿಗೆ ತಿರುವುತ್ತ ನಿಂತಿದ್ದ. ಮಸುಕಾಗಿದ್ದ ಇಳಿಜಾರು ಗೀಟು ಎಳೆದ ಹಾಗೆ ಬಂತು. ಕಲ್ಲುಗಳು ಬಂದವು. ಎರಡು ಮಸಿಗಳು ಸರಿದು ಸರಿದು ನಡುವೆ ಒಂದೇ ಆದವು, ಉದ್ದಕ್ಕೆ, ಒಂದು ತುದಿ ಚೂಪಾಗಿ. ನಿನ್ನೆಯ ನನ್ನ ಗುರುತಿನಿಂದ ಬಹಳ ದೂರದಲ್ಲಿ.

ಹೊಸ ಗುರುತು ಹಾಕಿ ಕೊಟ್ಟೆ. ಇಂಗ್ರಿಡ್ ಲಕೋಟೆ ಹರಿದಳು. ಚೀಟಿಯನ್ನು ನಕಾಶೆಯ ಪಕ್ಕ ಇಟ್ಟಳು. ಸ್ಕೇಲ್ ಇಟ್ಟು ಅಳೆದಳು, ಮತ್ತೊಮ್ಮೆ ಅಳೆದಳು. ಆ ಮಾತು ಕಡಿಮೆಯ ಹೆಂಗಸು ಎದ್ದು ಬಂದು ನನ್ನನ್ನು ತಬ್ಬಿಕೊಂಡಳು.

"ನನ್ನ ಗುರುತಿಗೂ ನಿನ್ನ ಗುರುತಿಗೂ ನಡುವೆ ಈ ಕೋಣೆಯಷ್ಟು ಅಂತರ ಇಲ್ಲ," ಎಂದಳು. "ಕಿವಿಗಳನ್ನು ಪ್ಯಾಕ್ ಮಾಡಿಸುತ್ತೇನೆ."

ಮತ್ತೆ ಮುಂಬಯಿ: ಖಾಡಿಯ ಬಾಯಿ

ಪ್ರವಾಸ ಕಥನ ವಿಮಾನ ಇಳಿದ ಕೂಡಲೇ ಮುಗಿಯಬೇಕು ಎನ್ನುತ್ತಾರೆ. ನನ್ನದು ಅಲ್ಲಿಗೆ ಮುಗಿಯಲಿಲ್ಲ. ಮಳೆಗಾಲ ಕಳೆದು ಗಾಳಿ ತಣ್ಣಗಾದ ಮೇಲೆ ಕಿವಿಗಳ ಪೆಟ್ಟಿಗೆ ವಿಕ್ರೋಳಿಗೆ ಬಂತು. ಒಂದು ಬೆಳಿಗ್ಗೆ ಹರಿಭಾವು ಬಾಡಿಗೆಗೆ ಹಿಡಿದ ದೋಣಿಯಲ್ಲಿ ಅವನ್ನು ನೀರಿಗೆ ಇಳಿಸಿದೆವು.

ಹೆಡ್‌ಫೋನ್ ಹಾಕಿಕೊಂಡರೆ ಅಬ್ಬಬ್ಬಾ! ನಮ್ಮ ಬೆಚ್ಚಗಿನ ನೀರಿನಲ್ಲಿ ಒಂದು ಜಾತಿಯ ಸಣ್ಣ ಸೀಗಡಿಗಳಿವೆ. ಲಕ್ಷಗಟ್ಟಲೆ ಸೀಗಡಿಗಳು ಕೊಂಡಿ ಚಟಚಟ ಎನ್ನಿಸುತ್ತಿದ್ದವು, ಎಡೆಬಿಡದೆ ಸಾಸಿವೆ ಸಿಡಿದಂತೆ. ಅದರ ಮೇಲೆ ದೋಣಿಗಳ ಇಂಜಿನ್, ದೂರದ ಹಡಗುಗಳ ಗುಡುಗು. ನಾರ್ವೆಯ ಮೌನ ನೆನೆದು ನಿಟ್ಟುಸಿರು ಬಂತು. ಆದರೆ ಈಗ ಗಣಿತದ ಮೇಲೆ ನನಗೆ ನಂಬಿಕೆಯಿತ್ತು. ಅದು ನಡೆಯುತ್ತದೆ. ಬಾಕಿ ಇದ್ದದ್ದು ತಾಳ್ಮೆ ಮಾತ್ರ.

ನಾಲ್ಕು ದಿನ ಹಿಡಿಯಿತು. ಹರಿಭಾವು ದಿನವೂ ಬಂದ, ಹಗ್ಗ ಹಿಡಿದ. ಐದನೆಯ ದಿನ ಬೆಳಿಗ್ಗೆ ದೋಣಿಯಲ್ಲೇ ಲ್ಯಾಪ್‌ಟಾಪ್ ತೆರೆದು ಅವನ ಮುಂದೆ ಹಿಡಿದೆ. ಕೆಸರಿನಲ್ಲಿ ಮುಕ್ಕಾಲು ಹೂತ ಒಂದು ಆಕಾರ, ಒಂದು ಕಡೆ ವಾಲಿತ್ತು. ಮೂತಿ ಮಾತ್ರ ಮೇಲೆದ್ದಿತ್ತು, ಅದರ ಬಲಗಡೆ ಒಂದು ಸಣ್ಣ ಮುರುಕು. ಇಷ್ಟು ದಿನ ಎಲ್ಲರೂ ಹುಡುಕಿದ್ದ ಜಾಗ ಅಲ್ಲಿಂದ ಪಡುವಣಕ್ಕೆ ಬಹಳ ದೂರ.

ಅವನು ತೆರೆಯನ್ನು ಬೆರಳಿನಿಂದ ಮುಟ್ಟಿದ. ಆ ಮುರುಕಿನ ಮೇಲೆ ಬೆರಳು ನಿಂತಿತು.

"ಹೀ ಮಾಝೀಚ್," ಎಂದ. ನನ್ನದೇ ಇವಳು. "ದೋಣಿ ಕಟ್ಟುವ ಧಕ್ಕೆಗೆ ಬಡಿದು ಆದದ್ದು ಇದು. ಮಗಳ ಮದುವೆಯ ವರ್ಷ."

ಕಣ್ಣು ಒರೆಸಿಕೊಳ್ಳುವುದನ್ನು ನಾವು ನೋಡಲಿ ಎಂಬ ಹಾಗೆ ನಿಧಾನವಾಗಿ ಒರೆಸಿಕೊಂಡ. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡಲಿಲ್ಲ. ದೋಣಿಯನ್ನು ಆ ಜಾಗದ ಮೇಲಕ್ಕೆ ನಡೆಸಿದ. ಕಲ್ಲು ಕಟ್ಟಿದ ಹಗ್ಗವನ್ನು ಮಾರು ಮಾರಾಗಿ ಇಳಿಬಿಟ್ಟು, ಮೇಲಿನ ತುದಿಗೆ ಕೆಂಪು ಡಬ್ಬಿಯೊಂದನ್ನು ಬಿಗಿದು ತೇಲಿಬಿಟ್ಟ. ಆಮೇಲೆ ಜೇಬಿನಿಂದ ಫೋನ್ ತೆಗೆದ. ಇಂಜಿನ್ನಿನ ಸದ್ದಿನಲ್ಲಿ ಕೇಳುವುದಿಲ್ಲವೆಂದು ಸ್ಪೀಕರ್ ಹಾಕಿದ. ಆ ಕಡೆ ಬಹಳ ಹೊತ್ತು ಗಂಟೆ ಬಾರಿಸಿತು. ಇಡುವಷ್ಟರಲ್ಲಿ ಯಾರೋ ಎತ್ತಿದರು.

"ದಾಮೂ, ಮೀ ಹರೀ ಬೋಲತೋಯ್," ಎಂದ ಹರಿಭಾವು. ನಾನು ಹರಿ ಮಾತಾಡ್ತಿದ್ದೇನೆ. ಎರಡು ವರ್ಷದಲ್ಲಿ ಅವನ ದನಿ ಇಷ್ಟು ದೊಡ್ಡದಾಗಿದ್ದನ್ನು ನಾನು ಕೇಳಿರಲಿಲ್ಲ. "ಮಾಝೀ ಹೋಡೀ ಸಾಪಡಲೀ. ವರತೀ ಲಾಲ್ ಡಬಾ ಬಾಂಧಲಾಯ್. ತ್ಯಾಚ್ಯಾ ದಹಾ ವಾವ್ ಲಾಂಬ್ ಜಾಳೀ ಟಾಕ್. ಆತಾ ಫಾಟಣಾರ್ ನಾಹೀ."

ನನ್ನ ದೋಣಿ ಸಿಕ್ಕಿತು. ಮೇಲೆ ಕೆಂಪು ಡಬ್ಬಿ ಕಟ್ಟಿದ್ದೇನೆ. ಅಲ್ಲಿಂದ ಹತ್ತು ಮಾರು ದೂರ ಬಲೆ ಬೀಸು. ಇನ್ನು ಹರಿಯೋದಿಲ್ಲ.

ಫೋನಿನಲ್ಲಿ ಉಸಿರಿನ ಸದ್ದಷ್ಟೇ. ನಾನು ಇಂಜಿನ್ ಆರಿಸುವಂತೆ ದೋಣಿಯ ಹುಡುಗರಿಗೆ ಕೈ ಮಾಡಿದೆ. ಆರಿಸಿದರು. ಅಲೆ ದೋಣಿಯ ಹೊಟ್ಟೆಗೆ ಬಡಿಯುವುದು ಕೇಳುತ್ತಿತ್ತು.

"ಹರ‍್ಯಾ," ಎಂದಿತು ಆ ಕಡೆಯ ದನಿ, ಕಡೆಗೂ. "ಚಹಾ ಠೇವಾಯಲಾ ಸಾಂಗತೋ. ಸರಳ್ ಘರೀ ಯೇ."

ಚಹಾ ಇಡಲು ಹೇಳುತ್ತೇನೆ, ನೇರ ಮನೆಗೆ ಬಾ.